ಹನುಮಂತನ ಚಿತ್ರದ 1818ರ ನಾಣ್ಯ ಅಸಲಿಯೇ? ಹೀಗೆ ನೋಡಿ

ಒಂದು ಬದಿ ಹನುಮಂತ ಅಥವಾ ರಾಮ ಪಟ್ಟಾಭಿಷೇಕ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಒನ್ ಆನಾ, 1818’. ಇಂಥ ತಾಮ್ರದ ಬಿಲ್ಲೆಗೆ ಲಕ್ಷಗಟ್ಟಲೆ ಬೆಲೆ ಇದೆ, ಅಕ್ಕಿ ಎಳೆಯುವ ಶಕ್ತಿ ಇದೆ ಅಂತ ನಂಬಿಸಿ ದುಡ್ಡು ಕೀಳುವವರಿದ್ದಾರೆ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ.

ಮೌಲ್ಯ: ಒಂದಾಣೆ ನಾಣ್ಯ ಚಲಾವಣೆಗೆ ಬಂದದ್ದು 1907ರಲ್ಲಿ, ಅದೂ ತಾಮ್ರ-ನಿಕ್ಕಲ್ ಮಿಶ್ರಣದ್ದು. ಆಗ ಕಂಪನಿಯೇ ಇರಲಿಲ್ಲ.

ಚಿತ್ರ: 1835ರ ಅಸಲಿ ಕಾಲಾಣೆ ಮೇಲಿರುವುದು ಎರಡು ಸಿಂಹಗಳ ಕಂಪನಿ ಲಾಂಛನ. ಮದರಾಸಿನ ವರಹದ ಮೇಲೆ ವಿಷ್ಣು ಇರೋದು ನಿಜ. ಆದರೆ ಅದು ಚಿನ್ನದ್ದು, ಅಂಗಿ ಗುಂಡಿಯಷ್ಟೇ ಸಣ್ಣದು.

ಅಂಚು: ಟಂಕಸಾಲೆಯಲ್ಲಿ ಅಚ್ಚೊತ್ತಿದ ನಾಣ್ಯದ ಅಕ್ಷರ ಸ್ಪಷ್ಟವಾಗಿರುತ್ತೆ. ಎರಕ ಹೊಯ್ದದ್ದರಲ್ಲಿ ಸಣ್ಣ ಸಣ್ಣ ಗುಳಿ, ಅಂಚಿನ ಸುತ್ತ ಜೋಡಣೆಯ ಗೆರೆ ಕಾಣಬಹುದು.

ಅಯಸ್ಕಾಂತ: ಅಂಟಿಕೊಂಡರೆ ಶುದ್ಧ ತಾಮ್ರವಲ್ಲ. ಅಂಟದಿದ್ದರೂ ಅಸಲಿ ಅಂತಲ್ಲ.

ಹಳೇ ನಾಣ್ಯ, ನೋಟಿನ ವ್ಯವಹಾರ ತಾನು ಮಾಡಲ್ಲ, ಅದಕ್ಕೆ ಶುಲ್ಕ, ಕಮಿಷನ್ ಕೇಳಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಬಿಲ್ಲೆ ಮನೆಯಲ್ಲಿದ್ದರೆ ದೇವರ ಕೋಣೆಯಲ್ಲೇ ಇರಲಿ. ‘ಮೊದಲು ಅಡ್ವಾನ್ಸ್ ಕಳಿಸಿ’ ಅಂದವರಿಗೆ ಬಿಡಿಗಾಸೂ ಕೊಡಬೇಡಿ. ಆನ್‌ಲೈನ್‌ನಲ್ಲಿ ಈಗಾಗಲೇ ಹಣ ಕಳಿಸಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.