ದುನಾಲಿ ಬಂದೂಕು ಮತ್ತು ಒಂಟಿ ಗುಂಡು

ಮಲೆನಾಡು, ಕೊಡಗಿನ ಕಡೆ ಅದು ಜೋಡುನಳಿಗೆ ಕೋವಿ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ದುನಾಲಿ ಬಂದೂಕು. ಹೆಸರು ಬೇರೆಯಾದರೂ ಅದರ ಮೇಲಿನ ದೂರು ಎಲ್ಲ ಕಡೆ ಒಂದೇ. ಚರೆ ತುಂಬಿದ ತೋಟಾ ಹಾಕಿದರೆ ಇಟ್ಟ ಗುರಿಗೆ ಬೀಳುತ್ತದೆ, ಒಂಟಿ ಗುಂಡು ಹಾಕಿದರೆ ಬಲ ನಳಿಗೆಯದು ಒಂದು ದಿಕ್ಕು, ಎಡ ನಳಿಗೆಯದು ಇನ್ನೊಂದು ದಿಕ್ಕು. ಬಂದೂಕು ಹಳೆಯದಾಯಿತು, ನಳಿಗೆ ಸವೆದಿದೆ ಎಂಬ ಸಮಾಧಾನವೂ ಎಲ್ಲ ಕಡೆ ಒಂದೇ. ಆ ಸಮಾಧಾನ ತಪ್ಪು. ಈಗ ಹಳೆಯದೆನಿಸಿಕೊಳ್ಳುವ ದುನಾಲಿ ಹೊಸದಾಗಿದ್ದಾಗಲೂ ಗುಂಡನ್ನು ಹೀಗೇ ಚದುರಿಸುತ್ತಿತ್ತು, ಏಕೆಂದರೆ ಅದನ್ನು ಮಾಡಿದ್ದೇ ಚರೆಗಾಗಿ. ಚರೆಯ ಬಂದೂಕಿನಿಂದ ಗುಂಡು ಹೊಡೆಯಬೇಕಾದ ಪಾಡು ನಮ್ಮ ಜನಕ್ಕೆ ಬಂದದ್ದು ಕಾಡಿನ ದೆಸೆಯಿಂದ ಎಷ್ಟೋ, ಕಾಯಿದೆಯ ದೆಸೆಯಿಂದಲೂ ಅಷ್ಟೇ. ಆ ಬಂದೂಕುಗಳ ಗುರಿ ತಿದ್ದುವ ಕಸುಬಿನ ಇತಿಹಾಸವನ್ನು ಈ ಎರಡನ್ನೂ ಒಟ್ಟಿಗಿಟ್ಟು ಓದದೆ ಬೇರೆ ದಾರಿಯಿಲ್ಲ.

ಮೊದಲು ಬಂದೂಕನ್ನೇ ನೋಡೋಣ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡುಗಳಾಗಿ ಎರೆದರೆ ಒಂದೊಂದು ಎಷ್ಟು ದಪ್ಪವೋ ನಳಿಗೆಯ ಒಳಗಲ ಅಷ್ಟು, ಅಂದರೆ ಸುಮಾರು 18.5 ಮಿಲಿಮೀಟರ್, 12 ಬೋರ್ ಎಂಬ ಮಾತಿನ ಅರ್ಥ ಇದು. ಗುಂಡಿನ ಕಾಲ ಹೋದ ಮೇಲೂ ಹೆಸರಿನಲ್ಲಿ ಗುಂಡು ಉಳಿದುಕೊಂಡಿದೆ. ಜೋಡು ನಳಿಗೆಗಳು ಕಣ್ಣಿಗೆ ಸಮಾನಾಂತರವಾಗಿ ಕಂಡರೂ ಹಾಗಿಲ್ಲ. ಬುಡದಲ್ಲಿ ಲೋಹ ದಪ್ಪ, ಬಾಯಲ್ಲಿ ತೆಳು. ಹೀಗಾಗಿ ಅವುಗಳ ನಡುಗೆರೆಗಳು ಮುಂದೆ ಹೋದಂತೆ ಒಂದರತ್ತ ಒಂದು ವಾಲುತ್ತವೆ. ಈ ವಾಲು ಬೇಕೇ ಬೇಕು. ಬಲ ನಳಿಗೆ ಹಾರಿದಾಗ ಒದೆತ ಭುಜಕ್ಕಾನಿಸಿದ ದಿಮ್ಮಿಯ ನಡುಗೆರೆಯ ಬಲಕ್ಕೆ ಬೀಳುವುದರಿಂದ ಬಂದೂಕಿನ ಮೂತಿ ಬಲಕ್ಕೆ ತಿರುಗುತ್ತದೆ, ಎಡದ್ದು ಹಾರಿದಾಗ ಎಡಕ್ಕೆ. ಹೊರಕ್ಕೆ ತಿರುಗುವ ಈ ಚಲನೆಯನ್ನು ಒಳಕ್ಕೆ ವಾಲಿದ ನಳಿಗೆ ಸರಿದೂಗಿಸುತ್ತದೆ. ಆದರೆ ಲೆಕ್ಕ ಕೂಡಿಬರುವುದು ಒಂದು ತೂಕಕ್ಕೆ, ಒಂದು ವೇಗಕ್ಕೆ ಮಾತ್ರ. ಸೀಸ ಭಾರವಾಗಿ ನಿಧಾನ ಹೋದರೆ ಅದು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಹೆಚ್ಚು ತಿರುಗುತ್ತದೆ, ಗುಂಡು ಹೊರಬದಿಗೆ ಬೀಳುತ್ತದೆ. ಬಲು ವೇಗದ ತೋಟಾ ಹಾಕಿದರೆ ಗುಂಡು ಬೇಗ ಹೊರಬಿದ್ದು ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಹೋಗಿ ಕತ್ತರಿಯಾಗುತ್ತದೆ. ಚರೆಗೆ ಇದರ ಹಂಗಿಲ್ಲ. 40 ಗಜದಲ್ಲಿ ಚರೆ ಮೂವತ್ತು ಅಂಗುಲದಷ್ಟು ಹರಡಿಕೊಳ್ಳುವಾಗ ನಾಲ್ಕೈದು ಅಂಗುಲದ ತಪ್ಪು ಅದರ ಮರೆಯಲ್ಲೇ ಅಡಗಿಹೋಗುತ್ತದೆ. ಒಂಟಿ ಗುಂಡಿಗೆ ಅಂಥ ಮರೆ ಇಲ್ಲ. ನಳಿಗೆ ಸವೆಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಸವೆತ ಗುಂಡನ್ನು ಕಂಡಕಂಡ ಕಡೆ ಚೆಲ್ಲುತ್ತದೆ. ಪ್ರತಿ ಸಲವೂ ಬಲದ್ದು ಒಂದೇ ಕಡೆ, ಎಡದ್ದು ಅದರ ಎದುರು ಕಡೆ ಬೀಳುತ್ತಿದ್ದರೆ ಅದು ಸವೆತದ ಕೆಲಸವಲ್ಲ, ಜೋಡಣೆಯ ಕೆಲಸ.

ತಿದ್ದುವುದು ಹೇಗೆ? ಸಾಮಾನ್ಯ ದುನಾಲಿಗೆ ಮೂತಿಯ ಮೇಲೆ ಒಂದು ಮಣಿ ಬಿಟ್ಟರೆ ಬೇರೆ ಗುರಿಗಣ್ಣಿಲ್ಲ, ಆ ಮಣಿಯೂ ಎರಡು ನಳಿಗೆಗೆ ಸೇರಿ ಒಂದೇ. ಮಣಿಯನ್ನು ಅರದಿಂದ ತೇಯ್ದು ಗಿಡ್ಡ ಮಾಡಿದರೆ ಗುಂಡು ಮೇಲಕ್ಕೆ ಬೀಳುತ್ತದೆ, ಎರಡು ನಳಿಗೆಯದೂ. ಪಕ್ಕಕ್ಕೆ ಸರಿಸಿ ಬಲ ನಳಿಗೆಯನ್ನು ಸರಿಮಾಡಿದರೆ ಎಡದ್ದು ಮತ್ತಷ್ಟು ಕೆಡುತ್ತದೆ. ನಳಿಗೆಗಳನ್ನೇ ತಿದ್ದುವುದಾದರೆ ಬಾಯಿಯ ಬೆಸುಗೆಯನ್ನು ಕಾಯಿಸಿ, ನಡುವಿನ ಬೆಣೆಯನ್ನು ಕೂದಲೆಳೆಯಷ್ಟು ಸರಿಸಿ, ಆರಿದ ಮೇಲೆ ಹೊಡೆದು ನೋಡಿ, ಮತ್ತೆ ಕಾಯಿಸಬೇಕು. ಬೆಲೆಬಾಳುವ ಜೋಡುನಳಿಗೆ ರೈಫಲ್‌ಗಳಿಗೆ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಪಳಗಿದ ಕೆಲಸಗಾರರಿದ್ದರು. ಚರೆ ಬಂದೂಕಿಗೆ ಅಷ್ಟು ಖರ್ಚು ಮಾಡುವವರು ಕಡಿಮೆ. ಹಾಗಾಗಿ ಸಾಮಾನ್ಯ ಒಡೆಯನ ಕೈಯಲ್ಲಿ ಉಳಿದದ್ದು ಬಂದೂಕಲ್ಲ, ತೋಟಾ. ಯಾವ ತೂಕದ ಗುಂಡು ಎಷ್ಟು ಮದ್ದಿಗೆ ಎರಡೂ ನಳಿಗೆಯಿಂದ ಹತ್ತಿರ ಬೀಳುತ್ತದೆ ಎಂದು ಕಂಡುಕೊಳ್ಳುವುದು, ಅದಾಗದಿದ್ದರೆ ನಂಬಿಗಸ್ತ ನಳಿಗೆಗೆ ಗುಂಡು, ಇನ್ನೊಂದಕ್ಕೆ ಚರೆ ಎಂದು ಪಾಲು ಮಾಡುವುದು. ಗುರಿ ತಿದ್ದುವ ವಿದ್ಯೆಯ ಬಹುಪಾಲು ಅರದಲ್ಲಿರಲಿಲ್ಲ, ತಾಳ್ಮೆಯ ಲೆಕ್ಕದಲ್ಲಿತ್ತು.

ಈ ತೊಡಕನ್ನು ಇಂಗ್ಲೆಂಡಿನ ಬಂದೂಕುಗಾರರ ಮುಂದಿಟ್ಟದ್ದರಲ್ಲಿ ಹಿಂದೂಸ್ತಾನದ ಕಾಡಿನ ಪಾಲು ದೊಡ್ಡದು. ಕೌಜುಗಕ್ಕೆಂದು ಹೊರಟವನಿಗೆ ಪೊದೆಯಿಂದ ಹುಲಿಯೋ ಹಂದಿಯೋ ಎದ್ದು ಬರುವ ಕಾಡು ಇಂಗ್ಲೆಂಡಿನಲ್ಲಿಲ್ಲ. ಭಾರತದಲ್ಲಿ ಸೇವೆ ಮಾಡಿ ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಸೇನಾಧಿಕಾರಿ ಜಾರ್ಜ್ ಫಾಸ್ಬೆರಿ 1885ರಲ್ಲಿ ಒಂದು ಉಪಾಯಕ್ಕೆ ಪೇಟೆಂಟ್ ಪಡೆದ. ನಳಿಗೆಯ ಉದ್ದಕ್ಕೂ ನಯ, ಬಾಯಿಯ ಕೊನೆಯ ಕೆಲವು ಅಂಗುಲದಲ್ಲಿ ಮಾತ್ರ ತಿರುಚು ಗೆರೆ. ಹಾಲೆಂಡ್ ಅಂಡ್ ಹಾಲೆಂಡ್ ಅದನ್ನು ‘ಪ್ಯಾರಡಾಕ್ಸ್’ ಎಂದು ಮಾರಿತು. ಚರೆಗೂ ಗುಂಡಿಗೂ ಒಂದೇ ಬಂದೂಕು, ಗುಂಡಿಗೆ ಹೊಂದುವಂತೆ ಕಾರ್ಖಾನೆಯಲ್ಲೇ ತಿದ್ದಿದ್ದು. 1898ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ ಎದುರು ಬದಿಯಿಂದ ಬಂದ, ಬಂದೂಕನ್ನು ಬಿಟ್ಟು ಗುಂಡನ್ನೇ ಬದಲಿಸಿದ. ಸೀಸದ ಹಿಂದೆ ಹಗುರ ಬಿರಡೆ ಕಟ್ಟಿ, ಭಾರ ಮುಂದಿರುವಂತೆ ಮಾಡಿ, ನಯ ನಳಿಗೆಯಿಂದಲೂ ನೇರ ಹಾರುವ ಗುಂಡು ಅದು. ಸೇಡಂ, ಚಿತ್ತಾಪುರ, ಚಿಂಚೋಳಿ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಇದು ಹುಲಿ ಶಿಕಾರಿಗೆ ಹೆಸರಾದ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲ. 1874ರಿಂದ ಬೊಂಬಾಯಿಯ ರೈಲು ವಾಡಿಯಲ್ಲಿ ಕವಲೊಡೆದು ಚಿತ್ತಾಪುರ, ಸೇಡಂ ದಾಟಿ ಹೈದರಾಬಾದಿಗೆ ಹೋಗುತ್ತಿತ್ತು. ಸೀಮೆಯ ಸರಕು ಬರುವ ದಾರಿ ಈ ಊರುಗಳ ಎದುರಿಗೇ ಇತ್ತು.

ಇನ್ನು ಕಾಯಿದೆ. 1857ರ ನಿಶ್ಶಸ್ತ್ರೀಕರಣ ಕಾಯಿದೆಯ ಬಿಸಿಯನ್ನು ಕನ್ನಡ ನಾಡು ಹಲಗಲಿಯ ಬೇಡರ ದಂಗೆಯಲ್ಲಿ ಕಂಡಿತು. 1878ರ ಕಾಯಿದೆ ಪರವಾನಗಿಯನ್ನು ಗಟ್ಟಿ ಮಾಡಿತು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮಿನ ಮಾತಂತೂ ಸ್ಪಷ್ಟ. ರಕ್ಷಣೆಗೋ ಕ್ರೀಡೆಗೋ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಬಂದೂಕು, ಇಲ್ಲವೆ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದ ಪ್ರಜೆಗೆ, ಅನರ್ಹನಲ್ಲದಿದ್ದರೆ, ಪರವಾನಗಿ ಕೊಡಬೇಕು. ರೈಫಲ್ ಮುಂತಾದ ಬೇರೆಯದಕ್ಕಾದರೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ತೊಗರಿ ಹೊಲಕ್ಕೆ ಹಂದಿ ನುಗ್ಗುವ ಊರಿನ ಒಕ್ಕಲಿಗನಿಗೆ ರೈಫಲ್ಲಿನ ಬಾಗಿಲು ಅರೆ ಮುಚ್ಚಿ, ನಯ ನಳಿಗೆಯ ಬಾಗಿಲು ತೆರೆದಿಟ್ಟಂತಾಯಿತು. ನಯ ನಳಿಗೆಯಿಂದ ಗುಂಡು ಹೊಡೆಯುವ ಪ್ರಶ್ನೆ ಹುಟ್ಟುವುದು ಆ ಬಾಗಿಲಲ್ಲೇ. ತಿದ್ದುವುದಕ್ಕೂ ಅದೇ ಕಾಯಿದೆ ಕಟ್ಟು ಹಾಕಿತು: ಪರವಾನಗಿಯಿಲ್ಲದೆ ಬಂದೂಕು ರಿಪೇರಿಯನ್ನು ಕಸುಬಾಗಿ ಮಾಡುವಂತಿಲ್ಲ, ನಳಿಗೆ ಗಿಡ್ಡ ಮಾಡುವಂತಿಲ್ಲ.

ಇದಕ್ಕೆ ಬಲವಾದ ಆಕ್ಷೇಪ ಒಂದುಂಟು. ಜನ ದುನಾಲಿ ಇಟ್ಟುಕೊಂಡದ್ದು ಕಾಯಿದೆಗಾಗಿ ಅಲ್ಲ, ಅದು ಅಗ್ಗ, ಹತ್ತು ಕೆಲಸಕ್ಕೆ ಬರುತ್ತದೆ ಎಂದು. ಸಾಕ್ಷಿಗೆ ಕೊಡಗನ್ನು ತೋರಿಸಬಹುದು. 1861ರಿಂದ ವಿನಾಯಿತಿ ಪಡೆದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ತಾಪತ್ರಯವಿಲ್ಲ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿಯೂ ಮನೆಮನೆಯ ಕೈಲ್‌ಪೊಳ್ದ್ ಆಯುಧ ಪೂಜೆಯಲ್ಲಿ ಜೋಡುನಳಿಗೆ ಕೋವಿ ಕಾಣುತ್ತದಲ್ಲ? ಕಾಣುತ್ತದೆ, ಒಪ್ಪುತ್ತೇನೆ. ಆದರೆ ಆ ವಿನಾಯಿತಿ ನಯ ನಳಿಗೆಯ ಜೊತೆಗೆ ಒಂದು ರೈಫಲ್ಲಿಗೂ ಎಡೆ ಮಾಡಿದೆ. ಎರಡೂ ಇರಬಹುದಾದ ಕಡೆ ಒಂದರಿಂದ ಇನ್ನೊಂದರ ಕೆಲಸ ಮಾಡಿಸುವ ಒತ್ತಾಯವಿಲ್ಲ. ಅಗ್ಗವೆಂಬುದು ದುನಾಲಿಯನ್ನು ಏಕೆ ಕೊಂಡರು ಎಂಬುದಕ್ಕೆ ಉತ್ತರ. ಕೊಂಡ ಮೇಲೆ ಅದರಿಂದ ಗುಂಡನ್ನೇ ಏಕೆ ನೆಟ್ಟಗೆ ಹೊಡೆಸಬೇಕಾಯಿತು ಎಂಬುದಕ್ಕೆ ಆ ಉತ್ತರ ಸಾಲದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ. ಚಂದ್ರಂಪಳ್ಳಿ ಜಲಾಶಯವನ್ನು ಒಳಗೊಂಡ ಚಿಂಚೋಳಿಯ ಕಾಡು 2011ರಲ್ಲಿ 134.88 ಚದರ ಕಿಲೋಮೀಟರಿನ ವನ್ಯಜೀವಿ ಧಾಮವಾಯಿತು. ಅಲ್ಲಿ ತೋಳ, ಕತ್ತೆಕಿರುಬಗಳ ಜೀವಕ್ಕೆ ಕಾವಲಿದೆ. ಬೇಟೆ ನಿಂತಿತೆಂದು ಕಬ್ಬಿಣ ಸೀಸದ ಈ ತಿಳಿವಳಿಕೆಯೂ ಗುರುತಿಲ್ಲದೆ ಹೋಗಬೇಕಿಲ್ಲ. ಹಿರಿಯರ ದುನಾಲಿ ಮನೆಯಲ್ಲಿದ್ದರೆ ಅದನ್ನು ಹಾರಿಸಿ ನೋಡುವ ಗೋಜಿಗೆ ಹೋಗಬೇಡಿ. ಕಪ್ಪು ಮದ್ದಿಗೆಂದು ಮಾಡಿದ ನಳಿಗೆ ಇಂದಿನ ತೋಟಾಕ್ಕೆ ಸೀಳಿಹೋಗಬಹುದು. ವಾರಸುದಾರರಿಗೆ ಬೇಡವಾಗಿ ಠಾಣೆಗೆ ಒಪ್ಪಿಸುವ ದಿನ ಬಂದರೆ, ಅದಕ್ಕೆ ಮೊದಲು ನಳಿಗೆಯ ಬುಡದಲ್ಲಿ ಒತ್ತಿದ ಪರೀಕ್ಷೆಯ ಮುದ್ರೆ, ಬೋರ್ ಸಂಖ್ಯೆ, ಮೇಲುಪಟ್ಟಿಯಲ್ಲಿ ಕೊರೆದ ಅಂಗಡಿಯ ಹೆಸರು, ಮಣಿಗೆ ಅರ ಬಿದ್ದಿದೆಯೇ ಇಲ್ಲವೇ, ಇಷ್ಟನ್ನು ಹಳೆಯ ಪರವಾನಗಿ ಪುಸ್ತಕದ ಪ್ರತಿಯೊಂದಿಗೆ ಬರೆದಿಡಿ.