ಓದುಗರ ಸಮೀಕ್ಷೆ: ಉತ್ತರ ಕೊಟ್ಟವರು ಯಾರು?

ಪತ್ರಿಕೆ ಒಂದು ಪ್ರಶ್ನೆ ಕೇಳುತ್ತೆ, ಮನಸ್ಸು ಬಂದವರು ಉತ್ತರಿಸ್ತಾರೆ. ಓದುಗರ ಸಮೀಕ್ಷೆ ಅಂದರೆ ಇಷ್ಟೇ. ಇದರ ಮಾತು ಬಂದಾಗಲೆಲ್ಲ ನನಗೆ ನೆನಪಾಗೋದು ಅಮೆರಿಕದ ಸಲಹಾ ಅಂಕಣಕಾರ್ತಿ ಆನ್ ಲ್ಯಾಂಡರ್ಸ್. 1975ರಲ್ಲಿ ಅವರು ಓದುಗರನ್ನು ಕೇಳಿದ್ದು: ಮತ್ತೆ ಮೊದಲಿಂದ ಬದುಕುವ ಅವಕಾಶ ಸಿಕ್ಕರೆ ಮಕ್ಕಳು ಮಾಡಿಕೊಳ್ತೀರಾ? ಸುಮಾರು 10,000 ಉತ್ತರ ಬಂದವು. ಶೇ 70ರಷ್ಟು ಮಂದಿ ಬೇಡ ಅಂದಿದ್ದರು! ಮರುವರ್ಷ ನ್ಯೂಸ್‌ಡೇ ಪತ್ರಿಕೆ ಯಾದೃಚ್ಛಿಕವಾಗಿ ಆರಿಸಿದ ಪೋಷಕರನ್ನು ಕೇಳಿದಾಗ ಶೇ 91 ಮಂದಿ ಬೇಕು ಅಂದರು.

ಸಿಟ್ಟು, ನೋವು ಇದ್ದವರು ಕೂತು ಪತ್ರ ಬರೆದು ಅಂಚೆಗೆ ಹಾಕ್ತಾರೆ. ನೆಮ್ಮದಿಯಾಗಿರೋರು ಪುಟ ತಿರುವಿ ಮುಂದೆ ಹೋಗ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸೆಲ್ಫ್ ಸೆಲೆಕ್ಷನ್ ಬಯಸ್ ಅಂತಾರೆ.

ಉತ್ತರ ಹೆಚ್ಚಾದರೆ ಎಲ್ಲ ಸರಿಹೋಗುತ್ತೆ ಅನ್ನೋದೂ ಸುಳ್ಳು. 1936ರಲ್ಲಿ ಲಿಟರರಿ ಡೈಜೆಸ್ಟ್‌ಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದಿದ್ದವು. ಅದು ಗೆಲ್ಲಿಸಿದ್ದು ಲ್ಯಾಂಡನ್‌ರನ್ನ. ಜನ ಗೆಲ್ಲಿಸಿದ್ದು ರೂಸ್‌ವೆಲ್ಟ್‌ರನ್ನ, 48ರಲ್ಲಿ 46 ರಾಜ್ಯಗಳಲ್ಲಿ.

ಹಾಗಂತ ಲ್ಯಾಂಡರ್ಸ್‌ಗೆ ಬಂದ ಪತ್ರಗಳು ಕಸವಲ್ಲ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಪಶ್ಚಾತ್ತಾಪ ಹೇಗಿರುತ್ತೆ ಅನ್ನೋದು ಅವುಗಳಲ್ಲಿದೆ. ಎಷ್ಟು ಜನಕ್ಕಿದೆ ಅನ್ನೋದಿಲ್ಲ. ವಾಟ್ಸಾಪಲ್ಲಿ 'ಶೇ 80 ಯುವಜನರ ಅಭಿಪ್ರಾಯ' ಅಂತ ಸ್ಕ್ರೀನ್‌ಶಾಟ್ ಬಂದರೆ ನಾನು ಮೊದಲು ಹುಡುಕೋದು, ಪ್ರಶ್ನೆ ಯಾರ ಕೈಗೆ ಹೋಗಿತ್ತು, ಅವರಲ್ಲಿ ಸುಮ್ಮನಿದ್ದವರೆಷ್ಟು ಅಂತ.