ಅಲ್ಪ ಅಂತರದ ಗೆಲುವು: ಬೇವೂರು ಸೀಮೆಯ ಗ್ರಾಮ ಪಂಚಾಯಿತಿ ಚುನಾವಣೆಯ ಲೆಕ್ಕಾಚಾರ

ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಬೇವೂರು ಮತ್ತು ಅದರ ಸುತ್ತಲಿನ ಹಳ್ಳಿಗಳಂಥ ಊರುಗಳಲ್ಲಿ ಪಂಚಾಯಿತಿ ಮತ ಎಣಿಕೆ ಮುಗಿದ ಸಂಜೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: ‘ನಾಕ ಓಟಿನ್ಯಾಗ ಹೋತ್ರಿ.’ ಇಷ್ಟು ಕಡಿಮೆ ಅಂತರಕ್ಕೆ ಊರವರೂ ಪತ್ರಿಕೆಗಳೂ ಕೊಡುವ ವಿವರಣೆಯೂ ಒಂದೇ. ಊರು ಎರಡು ಪಾರ್ಟಿಯಾಗಿ ಒಡೆದಿದೆ, ಜಾತಿ-ಜಾತಿಯ ನಡುವೆ ಹಟ ಬೆಳೆದಿದೆ, ಅದಕ್ಕೇ ಹೀಗಾಯಿತು ಎಂಬುದು ಆ ವಿವರಣೆ. ಈ ಲೇಖನದ ವಾದ ಬೇರೆ. ಗ್ರಾಮ ಪಂಚಾಯಿತಿಯ ಅಲ್ಪ ಅಂತರಕ್ಕೆ ಮುಖ್ಯ ಕಾರಣ ಕ್ಷೇತ್ರದ ಗಾತ್ರ ಮತ್ತು ಎಣಿಕೆಯ ನಿಯಮ. ಊರಿನ ವೈಮನಸ್ಸು ಎರಡನೆಯ ಕಾರಣ. ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದರಿಂದಲೇ ನಾವು ಅವಿರೋಧ ಆಯ್ಕೆಯನ್ನು ಆದರ್ಶವೆಂದು ಹೊಗಳುವ, ಪೈಪೋಟಿಯನ್ನು ರೋಗವೆಂದು ಕಾಣುವ ಅಭ್ಯಾಸಕ್ಕೆ ಬಿದ್ದಿದ್ದೇವೆ.

1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ, ಪ್ರತಿ 400 ಜನರಿಗೆ ಒಬ್ಬ ಸದಸ್ಯ. ನಾನೂರು ಜನರಲ್ಲಿ ವಯಸ್ಕರು ಮುನ್ನೂರರ ಒಳಗೇ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆದ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ. 80ರಷ್ಟು ಮತದಾನವಾಯಿತು, ಆ ಲೆಕ್ಕ ಹಿಡಿದರೆ ಒಂದು ಸ್ಥಾನದ ಹಿಂದೆ ಇರುವುದು ಸುಮಾರು 220 ಮತದಾರರು. ಅದೇ ವರ್ಷ ಸುಮಾರು 82,600 ಸ್ಥಾನಗಳಿಗೆ 2.22 ಲಕ್ಷ ಅಭ್ಯರ್ಥಿಗಳು ಕಣದಲ್ಲಿ ಉಳಿದಿದ್ದರು. ಸ್ಥಾನಕ್ಕೆ ಮೂವರೂ ಇಲ್ಲದ ಸ್ಪರ್ಧೆ. ಇಷ್ಟು ಸಣ್ಣ ಮೊತ್ತವನ್ನು ಇಬ್ಬರು-ಮೂವರು ಹಂಚಿಕೊಂಡಾಗ ಅಂತರ ಒಂದಂಕಿಗೆ ಇಳಿಯುವುದು ಅಪರೂಪವಾಗಿದ್ದರೆ ಅದಕ್ಕೇ ವಿವರಣೆ ಬೇಕಾಗುತ್ತಿತ್ತು. ಜೊತೆಗೆ ಈ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಫಲಿತಾಂಶದ ಮಾರನೆಯ ದಿನ ‘ಕಾಂಗ್ರೆಸ್ ಬೆಂಬಲಿತ’, ‘ಬಿಜೆಪಿ ಬೆಂಬಲಿತ’ ಎಂಬ ಪಟ್ಟಿಗಳು ಹೊರಬಿದ್ದರೂ ಮತಗಟ್ಟೆಯೊಳಗೆ ಚಿಹ್ನೆ ಹಿಡಿದು ಸಾರಾಸಗಟಾಗಿ ಹರಿಯುವ ಮತ ಇಲ್ಲಿರುವುದಿಲ್ಲ. ಪಕ್ಷ ನೋಡದೆ ಮತ ಹಾಕುವುದು ಈ ಸೀಮೆಗೆ ಹೊಸತೂ ಅಲ್ಲ. 1952ರ ಮೊದಲ ಲೋಕಸಭಾ ಚುನಾವಣೆಯಲ್ಲೇ ಇದೇ ಭಾಗದ ಕುಷ್ಟಗಿ ಕ್ಷೇತ್ರ ಪಕ್ಷೇತರರಾಗಿದ್ದ ಶಿವಮೂರ್ತಿಸ್ವಾಮಿ ಅಳವಂಡಿಯವರನ್ನು ಗೆಲ್ಲಿಸಿತ್ತು.

ಗಾತ್ರಕ್ಕಿಂತ ಹೆಚ್ಚು ಕೆಲಸ ಮಾಡುವುದು ಎಣಿಕೆಯ ನಿಯಮ. ನಮ್ಮ ಬಹುಪಾಲು ಗ್ರಾಮ ಪಂಚಾಯಿತಿ ಕ್ಷೇತ್ರಗಳು ಬಹುಸದಸ್ಯ ಕ್ಷೇತ್ರಗಳು. ಒಂದು ವಾರ್ಡಿನಿಂದ ಇಬ್ಬರು, ಮೂವರು ಆಯ್ಕೆಯಾಗುತ್ತಾರೆ. ಎಷ್ಟು ಸ್ಥಾನವೋ ಅಷ್ಟು ಓಟು ಮತದಾರನ ಕೈಯಲ್ಲಿರುತ್ತದೆ, ಆದರೆ ಒಬ್ಬ ಅಭ್ಯರ್ಥಿಗೆ ಒಂದೇ. ಎಣಿಕೆಯಲ್ಲಿ ಮೊದಲು ಮೀಸಲು ಸ್ಥಾನಗಳು ತುಂಬುತ್ತವೆ. ಆಮೇಲೆ ಉಳಿದವರೆಲ್ಲರೂ, ಮೀಸಲು ವರ್ಗದಲ್ಲಿ ಸೋತವರೂ ಸೇರಿ, ಸಾಮಾನ್ಯ ಸ್ಥಾನದ ಲೆಕ್ಕಕ್ಕೆ ಬರುತ್ತಾರೆ. ಒಂದು ಕಲ್ಪಿತ ವಾರ್ಡನ್ನು ತೆಗೆದುಕೊಳ್ಳೋಣ. ಮೂರು ಸ್ಥಾನ: ಪರಿಶಿಷ್ಟ ಪಂಗಡದ ಮಹಿಳೆಗೆ ಒಂದು, ಹಿಂದುಳಿದ ವರ್ಗ ‘ಅ’ಗೆ ಒಂದು, ಸಾಮಾನ್ಯ ಒಂದು. ಮತ ಹಾಕಿದವರು 720. ಪರಿಶಿಷ್ಟ ಪಂಗಡದ ಇಬ್ಬರು ಮಹಿಳೆಯರಿಗೆ 362 ಮತ್ತು 351, ಸಾಮಾನ್ಯ ವರ್ಗದ ಇಬ್ಬರಿಗೆ 347 ಮತ್ತು 340, ‘ಅ’ ವರ್ಗದ ಇಬ್ಬರಿಗೆ 318 ಮತ್ತು 260 ಬಂದಿವೆ ಎನ್ನಿ. 362 ಪಡೆದ ಮಹಿಳೆ ಮೀಸಲು ಸ್ಥಾನಕ್ಕೆ, 318 ಪಡೆದವರು ‘ಅ’ ಸ್ಥಾನಕ್ಕೆ. ಸಾಮಾನ್ಯ ಸ್ಥಾನ ಯಾರಿಗೆ? 351 ಪಡೆದ ಎರಡನೆಯ ಮಹಿಳೆಗೆ. 347 ಪಡೆದವರು ನಾಲ್ಕು ಓಟಿನಿಂದ ಸೋತರು, ಅವರಿಗಿಂತ 29 ಓಟು ಕಡಿಮೆ ಪಡೆದವರು ಗೆದ್ದರು. ನಿಯಮ ಗೊತ್ತಿಲ್ಲದವನಿಗೆ ಇದು ಮೋಸದ ಎಣಿಕೆ. ಗೊತ್ತಿದ್ದವನಿಗೆ ಲೆಕ್ಕ ಸರಿಯಾಗಿಯೇ ಇದೆ.

ಇಂಥ ಸೋಲು ದೊಡ್ಡವರಿಗೂ ತಪ್ಪಲಿಲ್ಲ. ಲೋಕಸಭೆಗೂ ದ್ವಿಸದಸ್ಯ ಕ್ಷೇತ್ರಗಳಿದ್ದ ಕಾಲದಲ್ಲಿ, 1957ರಲ್ಲಿ, ಆಂಧ್ರದ ಪಾರ್ವತೀಪುರದಲ್ಲಿ ಎರಡೂ ಸ್ಥಾನಗಳು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳ ಪಾಲಾದವು. ಸೋತವರು ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ. ಮೀಸಲು ಸ್ಥಾನಕ್ಕೆ ನಿಂತವರನ್ನು ಸಾಮಾನ್ಯ ಸ್ಥಾನಕ್ಕೆ ಪರಿಗಣಿಸಬಾರದೆಂಬ ಅವರ ವಾದವನ್ನು 1959ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಂಸತ್ತು 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದುಮಾಡಿತು. ದಿಲ್ಲಿ ಬೇಡವೆಂದು ಕೈಬಿಟ್ಟ ಈ ಲೆಕ್ಕಾಚಾರ ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಡೆಯುತ್ತಿದೆ, ಅದನ್ನು ಬಿಡಿಸಿ ಹೇಳುವವರು ಮಾತ್ರ ಕಡಿಮೆ.

ಊರಿನ ಹಿರೇತನದವರು ಕಾಯ್ದೆ ಓದದಿದ್ದರೂ ಈ ಲೆಕ್ಕವನ್ನು ಬಲ್ಲರು. ಮೇಲಿನ ಉದಾಹರಣೆಯಲ್ಲಿ 347 ಪಡೆದವರ ಬೆಂಬಲಿಗರೇ ತಮ್ಮ ಎರಡನೆಯ ಓಟನ್ನು 351 ಪಡೆದ ಮಹಿಳೆಗೆ ಹಾಕಿರಬಹುದು. ಹಾಗಾದರೆ ಅವರನ್ನು ಸೋಲಿಸಿದ್ದು ಅವರ ಮನೆಯವರ ಓಟೇ. ‘ನಮಗೊಂದ ಹಾಕ್ರಿ, ಉಳಿದದ್ದು ಬಿಟ್ಟಬಿಡ್ರಿ’ ಎಂದು ಪ್ರಚಾರದ ಕೊನೆಯ ರಾತ್ರಿ ಮನೆಮನೆಗೆ ಹೋಗುವ ಮಾತಿನ ಅರ್ಥ ಇದು. ಹತ್ತು ಮನೆಗಳು ಎರಡು ಓಟು ಉಳಿಸಿಕೊಂಡರೆ ಫಲಿತಾಂಶ ಹೊರಳುತ್ತದೆ. ಇದಕ್ಕೆ ಸೇರುವ ಇನ್ನೊಂದು ಅಂಶ ಗುಳೆ. ಯಲಬುರ್ಗಾ, ಕುಷ್ಟಗಿ ಭಾಗದ ಮಳೆಯಾಧಾರಿತ ಎರೆ, ಮಸಾರಿ ಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಕೂಲಿಯವರು ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ದುಡಿಯಲು ಹೋಗುತ್ತಾರೆ. ಹೆಸರು ಊರಿನ ಪಟ್ಟಿಯಲ್ಲಿ, ಆಳು ದೂರದ ಕಟ್ಟಡದ ಕೆಲಸದಲ್ಲಿ. ಅವರನ್ನು ಕರೆತರಲು ಗಾಡಿ ಮಾಡುವವರು ಮತಕ್ಕೆ ದುಡ್ಡು ಕೊಡುವವರಷ್ಟೇ ಫಲಿತಾಂಶದ ಮೇಲೆ ಹಿಡಿತ ಹೊಂದಿರುತ್ತಾರೆ. ನಾಲ್ಕು ಓಟಿನ ಸೋಲು ಎಂದರೆ ಎಷ್ಟೋ ಸಲ ಬಾರದೇ ಹೋದ ಒಂದು ಕ್ರೂಸರ್ ಗಾಡಿ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಏಳುತ್ತದೆ. ಸಣ್ಣ ಕ್ಷೇತ್ರದ ನಾಲ್ಕು ಓಟಿಗೂ ದೊಡ್ಡ ಕ್ಷೇತ್ರದ ನಾಲ್ಕು ಓಟಿಗೂ ಹೋಲಿಕೆ ಸಲ್ಲದು, ಪ್ರಮಾಣ ನೋಡಬೇಕು ಎಂಬುದು. ಒಪ್ಪತಕ್ಕ ಮಾತು. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದು, 40,751 ಪಡೆದ ಎ.ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದರು, 2023ರಲ್ಲಿ ಜಯನಗರದ ಅಂತರ 16. ಪ್ರಮಾಣದಲ್ಲಿ ನೋಡಿದರೆ ನಮ್ಮ ಕಲ್ಪಿತ ವಾರ್ಡಿನ ನಾಲ್ಕು ಓಟು ಇವುಗಳ ಮುಂದೆ ದೊಡ್ಡ ಅಂತರವೇ. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆ. ವಿಧಾನಸಭೆಯಲ್ಲಿ ಒಂದು ಓಟಿನ ಅಂತರ ದಶಕಗಳಿಗೊಮ್ಮೆ ಬರುವ ಅಪವಾದ. ಪಂಚಾಯಿತಿಯಲ್ಲಿ ಅದು ಆ ವ್ಯವಸ್ಥೆಯ ಸಹಜ ಫಲ. ಸಹಜ ಫಲಕ್ಕೆ ಊರಿನ ಮನಸ್ಸು ಕೆಟ್ಟಿದೆ ಎಂಬ ಕಾರಣ ಹುಡುಕುವ ಅಗತ್ಯವಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಪ್ರಬಲ. ಕಾರಣ ಏನೇ ಇರಲಿ, ಪರಿಣಾಮ ಕೆಟ್ಟದ್ದೇ ತಾನೇ? ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲುತ್ತದೆ, ಬದುವಿನ ತಂಟೆ ಠಾಣೆ ಮೆಟ್ಟಿಲೇರುತ್ತದೆ, ಐದು ವರ್ಷ ಉದ್ಯೋಗ ಖಾತ್ರಿಯ ಕ್ರಿಯಾಯೋಜನೆಯೂ ಜಗಳದಲ್ಲೇ ಕಳೆಯುತ್ತದೆ. ಹಿರಿಯರು ಕೂತು ಅವಿರೋಧ ಮಾಡಿದರೆ ಇದೆಲ್ಲ ತಪ್ಪುವುದಿಲ್ಲವೇ? ಗುಜರಾತ್ 2001ರಿಂದ ‘ಸಮರಸ’ ಹೆಸರಿನಲ್ಲಿ ಇಂಥ ಗ್ರಾಮಗಳಿಗೆ ಅನುದಾನವನ್ನೂ ಕೊಡುತ್ತಿದೆ. ವೈಮನಸ್ಸು ಇದೆ, ಅದನ್ನು ಅಲ್ಲಗಳೆಯಲಾಗದು. ಆದರೆ 2020ರಲ್ಲಿ ಕರ್ನಾಟಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸ್ಥಾನಗಳು ಅವಿರೋಧವಾಗಿ ತುಂಬಿದಾಗ, ದೇವಸ್ಥಾನದ ಕಟ್ಟೆಯ ಮೇಲೆ ಸ್ಥಾನಗಳ ಹರಾಜು ನಡೆದ ಸುದ್ದಿಗಳೂ ಜೊತೆಗೇ ಬಂದವು. ರಾಜ್ಯ ಚುನಾವಣಾ ಆಯೋಗ ಇದು ಅಪರಾಧವೆಂದು ಎಚ್ಚರಿಸಬೇಕಾಯಿತು. ಎಲ್ಲ ಅವಿರೋಧ ಆಯ್ಕೆಯೂ ಹರಾಜಲ್ಲ, ನಿಜ. ಹರಾಜಿಲ್ಲದಿದ್ದರೂ ಆ ಕಟ್ಟೆಯ ಮೇಲೆ ಯಾರು ಕೂತಿರುತ್ತಾರೆ, ಯಾರು ಕೆಳಗೆ ನಿಂತಿರುತ್ತಾರೆ ಎಂಬುದು ಈ ಸೀಮೆಯಲ್ಲಿ ಬಾಳಿದವರಿಗೆ ವಿವರಿಸಬೇಕಾದ ಸಂಗತಿಯಲ್ಲ. ಮತಪತ್ರದಲ್ಲಿ ಓಣಿಯ ಕೂಲಿ ಹೆಂಗಸಿಗೂ ಗೌಡರಿಗೂ ಒಂದೇ ಬೆಲೆ. ಕಟ್ಟೆಯ ಮೇಲೆ ಆ ಬೆಲೆ ಇಲ್ಲ. ಅಂತರ ಕಡಿಮೆಯಾದಷ್ಟೂ ಆಕೆಯ ಓಟಿಗೆ ಬೆಲೆ ಏರುತ್ತದೆ, ಆಕೆಯ ಬಾಗಿಲಿಗೆ ಬರುವವರು ಹೆಚ್ಚುತ್ತಾರೆ. ಜಗಳದ ಕಾವು ಏರಿದ್ದಕ್ಕೆ ಬೇರೆ ಕಾರಣಗಳೂ ಇವೆ. 14ನೇ ಹಣಕಾಸು ಆಯೋಗದ ಅನುದಾನ 2015ರಿಂದ ನೇರವಾಗಿ ಗ್ರಾಮ ಪಂಚಾಯಿತಿಗೇ ಬಂತು. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅವುಗಳಿಗೆ ಚುನಾವಣೆಯೇ ನಡೆಯಲಿಲ್ಲ. ಮೇಲಿನ ಎರಡು ಮೆಟ್ಟಿಲು ಮುಚ್ಚಿದಾಗ ಎಲ್ಲರ ಆಸೆಯೂ ಕೆಳಗಿನ ಮೆಟ್ಟಿಲ ಮೇಲೇ ಬೀಳುವುದು ಸಹಜ.

ಅಂತರವೇ ಇಲ್ಲದೆ ಸಮ ಮತ ಬಂದಾಗ ಚೀಟಿ ಎತ್ತುವುದನ್ನು ಕಂಡು ನಗುವವರಿದ್ದಾರೆ. ಆದರೆ ಇದು ನಮ್ಮ ಹಳ್ಳಿಗಳಲ್ಲಷ್ಟೇ ನಡೆಯುವುದಲ್ಲ. ಇಂಗ್ಲೆಂಡಿನ ಈಶಾನ್ಯ ಕಡಲ ದಂಡೆಯ ಬ್ಲೈತ್ ಪಟ್ಟಣದ ಸೌತ್ ಬ್ಲೈತ್ ವಾರ್ಡಿನಲ್ಲಿ 2017ರ ಮೇ ತಿಂಗಳಲ್ಲಿ ಇಬ್ಬರಿಗೆ ತಲಾ 356 ಮತ ಬಂದವು. ಕಡ್ಡಿ ಎತ್ತಿಸಿ ತೀರ್ಮಾನಿಸಿದರು. ಲಿಬರಲ್ ಡೆಮಾಕ್ರಟ್ ಅಭ್ಯರ್ಥಿ ಗೆದ್ದರು, ಎದುರಾಳಿ ಕನ್ಸರ್ವೇಟಿವ್ ಪಕ್ಷ ನಾರ್ಥಂಬರ್ಲೆಂಡ್ ಕೌಂಟಿ ಪರಿಷತ್ತಿನ 67ರಲ್ಲಿ 33 ಸ್ಥಾನಕ್ಕೆ ನಿಂತು ಬಹುಮತ ಒಂದರಿಂದ ತಪ್ಪಿತು. ಮರುಮತದಾನವೇ ಹೆಚ್ಚು ನ್ಯಾಯವಲ್ಲವೇ ಎಂದು ಕೇಳಬಹುದು. ಬ್ಲೈತ್‌ನಲ್ಲಿ ಇರಬಹುದು, ಬೇವೂರು ಸೀಮೆಯಲ್ಲಿ ಅಲ್ಲ. ವಾರದ ನಂತರ ಮತ್ತೆ ಮತದಾನವಾದರೆ ಗುಳೆ ಹೋದ ಕೂಲಿಯವರು ಮತ್ತೊಮ್ಮೆ ಕೂಲಿ ಬಿಟ್ಟು ಬರಲಾರರು. ಆಗ ಗೆಲ್ಲುವುದು ಊರಲ್ಲೇ ಉಳಿಯುವ ಹೊಲ-ಮನೆ ಉಳ್ಳವರ ಅಭ್ಯರ್ಥಿ. ಚೀಟಿ ಇಬ್ಬರಿಗೂ ಸಮಾನ ಅವಕಾಶ ಕೊಡುತ್ತದೆ.

ಅಲ್ಪ ಅಂತರ ನಿಜಕ್ಕೂ ಅಪಾಯಕ್ಕೆ ತಿರುಗುವುದು ಮುಂದಿನ ಹಂತದಲ್ಲಿ, ಅಧ್ಯಕ್ಷರ ಆಯ್ಕೆಯಲ್ಲಿ. 2020ರಲ್ಲಿ ಆಯ್ಕೆಯಾದವರಿಗೆ ಅಧ್ಯಕ್ಷಗಿರಿ 30 ತಿಂಗಳಿನದು. ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಮೀಸಲು ಎಂಬುದು ನಿಗದಿಯಾದದ್ದು ಸದಸ್ಯರ ಫಲಿತಾಂಶ ಬಂದ ಮೇಲೆ. ಆ ವರ್ಗದ ಸದಸ್ಯೆ ಒಬ್ಬರೇ ಇದ್ದರೆ ಅವರು ಯಾವ ಬಣದವರಾದರೂ ಅಧ್ಯಕ್ಷೆ. ಬಹುಮತದ ಬಣ ಕೈಕಟ್ಟಿ ಕೂರಬೇಕು. ಇಬ್ಬರಿದ್ದರೆ ಸದಸ್ಯರನ್ನು ಪ್ರವಾಸಕ್ಕೆ ಕರೆದೊಯ್ದು ಆಯ್ಕೆಯ ದಿನವೇ ಮರಳಿ ತರುವ ವ್ಯವಹಾರ ಶುರು. ಈ ಹಂತದಲ್ಲಿ ತೀರ್ಮಾನಿಸುವವರು ಸಾವಿರಾರು ಮತದಾರರಲ್ಲ, ಹದಿನೈದೋ ಇಪ್ಪತ್ತೋ ಜನ, ಕೊಳ್ಳುವುದು ಸುಲಭ. ವಾರ್ಡಿನ ಪೈಪೋಟಿಯ ಮೇಲೆ ಹೊರಿಸುವ ದೂರಿನ ಬಹುಪಾಲು ಸಲ್ಲಬೇಕಾದದ್ದು ಈ ಎರಡನೆಯ ಚುನಾವಣೆಗೆ.

ವಾರ್ಡಿನಲ್ಲಿ ಸೋತವರಿಗೆ 30 ದಿನಗಳೊಳಗೆ ನ್ಯಾಯಾಲಯದಲ್ಲಿ ಚುನಾವಣಾ ಅರ್ಜಿ ಹಾಕುವ ಹಕ್ಕಿದೆ. ಆದರೆ ಅಂತರ ಕಡಿಮೆಯೆಂಬ ಒಂದೇ ಕಾರಣಕ್ಕೆ ಮತಪತ್ರ ತೆರೆಯಿಸಲಾಗದು. ಕೇಳಿದ ಮಾತ್ರಕ್ಕೆ ಪರಿಶೀಲನೆಗೆ ಕೊಡಲಾಗದೆಂದು ರಾಮ್ ಸೇವಕ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಹಾಗಾಗಿ ಕೆಲಸ ಆಗಬೇಕಾದದ್ದು ಎಣಿಕೆಯ ಮೇಜಿನ ಮೇಲೆ. 2020ರಲ್ಲಿ ಬೀದರ್ ಬಿಟ್ಟು ಉಳಿದೆಡೆ ಕಾಗದದ ಮತಪತ್ರವೇ ಇತ್ತು; ಸ್ಥಾನಕ್ಕಿಂತ ಹೆಚ್ಚು ಮುದ್ರೆ ಬಿದ್ದ, ಎರಡು ಚಿಹ್ನೆಗಳ ನಡುವೆ ಮುದ್ರೆ ಬಿದ್ದ ಮತಪತ್ರಗಳು ನಾಲ್ಕು ಓಟಿನ ಅಂತರಕ್ಕಿಂತ ಹೆಚ್ಚಾಗಿರುವುದು ಸುಲಭ. ರಾಜ್ಯ ಚುನಾವಣಾ ಆಯೋಗ ಪ್ರತಿ ವಾರ್ಡಿನ ಅಭ್ಯರ್ಥಿವಾರು ಮತ, ತಿರಸ್ಕೃತ ಮತ, ಬಳಸದೇ ಬಿಟ್ಟ ಓಟು ಹಾಗೂ ಚೀಟಿಯಿಂದ ತೀರ್ಮಾನವಾದ ಸ್ಥಾನಗಳ ವಿವರವನ್ನು ಕನ್ನಡದಲ್ಲಿ, ಒಂದೇ ಕಡೆ, ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ಮೀಸಲು ಸ್ಥಾನ ಮೊದಲು, ಸಾಮಾನ್ಯ ಸ್ಥಾನ ಆಮೇಲೆ ಎಂಬ ಎಣಿಕೆಯ ಕ್ರಮವನ್ನು ನಾಮಪತ್ರ ಸಲ್ಲಿಕೆಯ ದಿನವೇ ಪಂಚಾಯಿತಿ ಕಚೇರಿಯ ಗೋಡೆಗೆ ಉದಾಹರಣೆ ಸಮೇತ ಅಂಟಿಸಬೇಕು.